ಕಂಬದೂರಿನ ಆಚೆಯ ತಿರುವು

ಮಲ್ಲಣ್ಣಾ, ಅವತ್ತು ನಾನು ಆ ತಿರುವಿನಲ್ಲಿ ನಿಂತಿರಲಿಲ್ಲ. ನಿಂತಿದ್ದೆ ಎಂದು ಹೇಳಿದ್ದು ಸುಳ್ಳು. ಕಂಬದೂರು ದಾಟಿದ ಮೇಲೆ ಸೆಟ್ಟೂರಿನ ಕಡೆಗೆ ಎಡಕ್ಕೆ ಒಂದು ದಾರಿ ಒಡೆಯುತ್ತದಲ್ಲ, ಆ ಬೇವಿನ ಮರದ ತಿರುವು — ನೀನು ಅಲ್ಲಿಗೆ ಬರುವ ಮೊದಲೇ ನಾನು ಬೈಕ್ ಸ್ಟಾರ್ಟ್ ಮಾಡಿಕೊಂಡು ಹೊರಟುಬಿಟ್ಟಿದ್ದೆ. ಮೂರು ಸಂಕ್ರಾಂತಿ ಕಳೆದವು, ಈ ಮಾತು ನನ್ನೊಳಗೇ ಕೂತಿದೆ. ನಿನ್ನ ಹುಣಸೆ ಗೋದಾಮಿನಲ್ಲಿ ಮೂಟೆಗೆ ಒರಗಿ ನೀನು ತರಿಸಿಕೊಟ್ಟ ಟೀ ಕುಡಿಯುವಾಗಲೂ ಕೂತಿತ್ತು. ಹೋದ ವಾರ ನೀನು ಕರೆದು ನಿನ್ನ ಗಾಡಿಯ ಕೀಯನ್ನು ನನ್ನ ಕೈಗಿಟ್ಟೆ ನೋಡು, ಅವತ್ತಿನಿಂದ ಇದನ್ನು ಬಚ್ಚಿಡಲು ನನ್ನಿಂದಾಗುತ್ತಿಲ್ಲ.

ಭಾನುವಾರ ನಿನ್ನ ಮುಂದೆ, ರಾಮಾಂಜಿ ಮತ್ತು ಖಾಜಾನ ಮುಂದೆ ನಿಂತು ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು. ಹಿಂದೂಪುರದಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟವನ ಬಾಯಿ ಅದು, ಬಂದ ರೈತರಿಗೆಲ್ಲ ‘ನಾಳೆ ಕೊಡ್ತೀನಿ ಕಣಪ್ಪ’ ಎಂದು ಹೇಳಿ ಹೇಳಿ ಪಳಗಿದೆ. ನಿನ್ನ ಮುಖ ಕಂಡ ಕೂಡಲೇ ಜಾರಿಕೊಳ್ಳುತ್ತದೆ. ಹಾಳೆಯಲ್ಲಿದ್ದರೆ ಜಾರುವುದಕ್ಕೆ ಜಾಗವಿಲ್ಲ.

ಗಂಗತ್ತಿಗೆಯೂ ಅಲ್ಲೇ ಇರಬೇಕು ಎಂದು ಕೇಳಿಕೊಳ್ಳುತ್ತೇನೆ. ಅವರಿಗೆ ನಮ್ಮ ನಾಲ್ವರ ಕಟ್ಟಳೆ ಪೂರ್ತಿ ಗೊತ್ತಿಲ್ಲ, ಅದನ್ನು ಮೊದಲು ಹೇಳುತ್ತೇನೆ. ಅತ್ತಿಗೆ, ನಾವು ಗಾಡಿಗಳಲ್ಲಿ ಹೊರಟಾಗ ಎಲ್ಲರಿಗಿಂತ ಮುಂದೆ ರಾಮಾಂಜಿ, ಅವನಿಗೆ ದಾರಿ ಗೊತ್ತು. ಎಲ್ಲರಿಗಿಂತ ಹಿಂದೆ ನಿಮ್ಮ ಯಜಮಾನರು. ದಾರಿ ಎಲ್ಲಾದರೂ ತಿರುಗಿದರೆ, ರಾಮಾಂಜಿಯ ಬೆನ್ನಿಗೆ ಇರುವವನು ಆ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯಬೇಕು. ಕಡೆಯವನು ಬಂದು ‘ನಿನ್ನ ನೋಡಿದೆ’ ಎಂದು ಎಡಗೈ ಎತ್ತುತ್ತಾನೆ, ಕಾಯುತ್ತಿದ್ದವನೂ ಎತ್ತುತ್ತಾನೆ. ಆಮೇಲೆಯೇ ಕದಲಬೇಕು. ತಿರುವಿನಲ್ಲಿ ಯಾರೂ ಇಲ್ಲದಿದ್ದರೆ ದಾರಿ ನೇರ ಎಂದು ಅರ್ಥ. ಒಮ್ಮೆ ಖಾಜಾ ದಾರಿ ತಪ್ಪಿ ಮಡಕಶಿರಾದ ಸಂತೆಯ ಕುರಿಗಳ ನಡುವೆ ಸಿಕ್ಕಿಕೊಂಡ ಮೇಲೆ ಮಲ್ಲಣ್ಣನೇ ಮಾಡಿದ ಕಟ್ಟಳೆ ಇದು. “ಫೋನ್ ನಂಬ್ಕೊಂಡು ಹೋಗ್ಬ್ಯಾಡ್ರಲಾ, ಮನುಷ್ಯನ್ನ ನಂಬ್ಕೊಂಡು ಹೋಗಿ,” ಎಂದಿದ್ದ.

ಮನುಷ್ಯನನ್ನು ನಂಬಿದ. ಆ ಮನುಷ್ಯ ನಾನು.

ಮಲ್ಲಣ್ಣಾ, ನಿನ್ನನ್ನು ನಾವು ತೆಲುಗಿನಲ್ಲಿ ‘ತೋಕ’ ಎಂದು ಕರೆಯುತ್ತಿದ್ದೆವು, ಬಾಲ ಎಂದು. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ನೀನು ನಕ್ಕು, “ಬಾಲ ಇಲ್ದಿದ್ರೆ ಹಸೂಗೆ ನೊಣ ಓಡ್ಸೋರ್ ಯಾರ್ಲಾ?” ಎಂದೆ. ಪಂಕ್ಚರ್ ಸಾಮಾನು, ಹಗ್ಗ, ನೀರು ಎಲ್ಲ ನಿನ್ನ ಚೀಲದಲ್ಲೇ. ಅದರ ಅಡಿಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಹುಣಸೆಹಣ್ಣಿನ ಕುಟ್ಟುಂಡೆ. ನಿಂತಲ್ಲೆಲ್ಲ ನೀನು ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಿದ್ದೆ, ಚಿಕ್ಕ ಮಕ್ಕಳಿಗೆ ಕೊಟ್ಟ ಹಾಗೆ. ನಾನು ‘ನೀವು’ ಎಂದಾಗ ನೀನು ಬೈದು, “ಅಣ್ಣ ಅಂತೀಯ, ಮತ್ತೆ ನೀವು ಗೀವು ಅಂತೀಯ, ಯಾವ್ದಾದ್ರೂ ಒಂದು ಮಾಡ್ಲಾ,” ಎಂದೆ. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ — ಇವತ್ತು ಹೇಳುವ ಯೋಗ್ಯತೆಯೂ ಉಳಿದಿಲ್ಲವೇನೋ.

ಅವತ್ತಿಗೆ ಬರುತ್ತೇನೆ. ಸಂಕ್ರಾಂತಿ ಕಳೆದಿತ್ತು. ಸೆಟ್ಟೂರಿನ ಆಚೆಯ ಹಳ್ಳಿಯಿಂದ ರಾಮಾಂಜಿಯ ತಂಗಿ ನಮ್ಮನ್ನೆಲ್ಲ ಹೋಳಿಗೆ ಊಟಕ್ಕೆ ಕರೆದಿದ್ದಳು. ರಾಮಾಂಜಿಯೊಬ್ಬನನ್ನು ಬಿಟ್ಟರೆ ಆ ಊರಿನ ದಾರಿ ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಹಿಂದೂಪುರ ಬಿಟ್ಟು, ಪಾವಗಡದಲ್ಲಿ ಇಡ್ಲಿ ತಿಂದು, ಒಳ್ಳೆಯ ಬಿಸಿಲಿನಲ್ಲಿ ಹೊರಟೆವು. ನಾನು ಹೊಸ ಕೆಂಪು ಜಾಕೆಟ್ ಹಾಕಿದ್ದೆ. ಖಾಜಾ ಹೆಲ್ಮೆಟ್ಟಿಗೆ ಹೊಸ ಕ್ಯಾಮೆರಾ ಸಿಕ್ಕಿಸಿಕೊಂಡಿದ್ದ. ಕಂಬದೂರಿನಲ್ಲಿ ಯಾರೋ ಒಬ್ಬ ಮುದುಕ ಚೈನು ಕಳಚಿದ ಮೊಪೆಡ್ ಹಿಡಿದು ನಿಂತಿದ್ದ. ನಿನ್ನ ಗುಣ ಗೊತ್ತಲ್ಲ, ನೀನು ನಿಂತೆ. ನಾವು ಮುಂದೆ ಹೋದೆವು.

ಬೇವಿನ ಮರದ ಹತ್ತಿರ ರಾಮಾಂಜಿ ಎಡಕ್ಕೆ ತಿರುಗಿದ. ಅವನ ಬೆನ್ನಿಗೆ ನಾನಿದ್ದೆ, ಕಟ್ಟಳೆಯಂತೆ ನಿಂತೆ. ಖಾಜಾ ನನ್ನನ್ನು ದಾಟುವಾಗ ಗಾಡಿ ನಿಧಾನ ಮಾಡಿ, “ಚೆರುವು ಕಟ್ಟ ಮೇಲೆ ಎಲ್ರದೂ ವಿಡಿಯೋ ತೆಗೀತೀನಿ, ಬೇಗ ಬಂದ್ಬುಡು!” ಎಂದು ಕೂಗಿದ. ಆ ಊರಿನ ಕೆರೆ ಏರಿ ಅಲ್ಲಿಂದಲೇ ಕಾಣುತ್ತಿತ್ತು, ನೀರು ತುಂಬಿತ್ತು. ಏರಿಯ ಮೇಲೆ ಸಾಲಾಗಿ ಗಾಡಿಗಳು, ಹಿಂದೆ ನೀರು, ನನ್ನ ಕೆಂಪು ಜಾಕೆಟ್ಟು — ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತು. ಕಂಬದೂರಿನ ಕಡೆ ನೋಡಿದೆ. ದೂರದಲ್ಲಿ ಏನೋ ಒಂದು ಲೈಟು ಬರುತ್ತಿತ್ತು. ‘ಅದು ಮಲ್ಲಣ್ಣನೇ, ನಾನು ತಿರುಗುವುದು ಅವನಿಗೆ ಕಾಣುತ್ತದೆ’ ಎಂದುಕೊಂಡೆ. ಇಲ್ಲ — ಇಲ್ಲೂ ಸುಳ್ಳು ನುಸುಳುತ್ತಿದೆ. ನೀನೇ ಎಂದು ನಾನು ನಂಬಿರಲಿಲ್ಲ. ನಂಬಿದ ಹಾಗೆ ಮಾಡಿದೆ, ಹೊರಟೆ.

ಒಂದು ವಿಡಿಯೋಗೆ, ಮಲ್ಲಣ್ಣಾ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನದು ಅಡಿಕೆಗಿಂತಲೂ ಅಗ್ಗಕ್ಕೆ ಹೋಯಿತು.

ತಂಗಿಯ ಮನೆ ಮುಂದೆ ಇಳಿದಾಗ ರಾಮಾಂಜಿ, “ತೋಕ ಎಲ್ಲಲಾ?” ಎಂದ. “ವಸ್ತುನ್ನಾಡು, ಹಿಂದೇನೇ ಬತ್ತಾವ್ನೆ,” ಎಂದೆ. ಎಷ್ಟು ಸಲೀಸಾಗಿ ಬಂತು ಮಾತು! ಎಲೆ ಹಾಕಿದರು, ನೀನು ಬರಲೆಂದು ಕಾದೆವು. ಫೋನ್ ಮಾಡಿದರೆ ನಿನಗೆ ಸಿಗ್ನಲ್ ಇಲ್ಲ. ಆಮೇಲೆ ರಾಮಾಂಜಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು, ಒಬ್ಬ ಹೆಂಗಸು ಕಲ್ಯಾಣದುರ್ಗದ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಬಡಿಸಿದ ಎಲೆ ಹಾಗೇ ಬಿಟ್ಟು ಎದ್ದೆವು.

ನೀನು ತಿರುವಿಗೆ ಬಂದಿದ್ದೆ. ಅಲ್ಲಿ ಯಾರೂ ಇಲ್ಲದ್ದಕ್ಕೆ ಕಟ್ಟಳೆಯಂತೆ ನೇರ ಹೋದೆ. ಎಷ್ಟು ದೂರ ಹೋದರೂ ನಾವು ಕಾಣಲಿಲ್ಲ. ನಮಗೇ ಏನೋ ಆಗಿದೆ ಎಂದು ಹೆದರಿ ಗಾಡಿ ಜೋರು ಮಾಡಿದೆ. ಯಾವತ್ತೂ ಜೋರು ಹೋದವನಲ್ಲ ನೀನು. ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು, ಬಸ್ಸು ಲಾರಿ ತುಳಿದು ಕಾಳು ಬಿಡಲಿ ಎಂದು. ‘ಹುಳ್ಳಿ ಹಾಸಿದ್ರೆ ಬ್ರೇಕ್ ಮುಟ್ಬ್ಯಾಡ್ರಲಾ, ಕಾಲು ಊರ್ಕೊಂಡು ನಡೀರಿ’ ಎಂದು ನಮಗೆಲ್ಲ ಕಲಿಸಿದವನೇ ನೀನು. ಅವತ್ತು ನಿನಗೆ ನಡೆಯುವ ಪುರುಸೊತ್ತಿರಲಿಲ್ಲ. ಗಾಡಿ ಜಾರಿತು. ಒಕ್ಕಣೆ ಮಾಡುತ್ತಿದ್ದ ಹೆಂಗಸರೇ ನಿನ್ನನ್ನು ಎತ್ತಿ ಆಟೋಗೆ ಹಾಕಿಕೊಂಡು ಹೋಗಿದ್ದರು.

ಆಸ್ಪತ್ರೆಯಲ್ಲಿ ನಿನ್ನ ತಲೆಗೆ ಪಟ್ಟಿ ಕಟ್ಟಿದ್ದರು, ಹೆಗಲ ಮೂಳೆ ಮುರಿದು ಎಡಗೈಯನ್ನು ಎದೆಗೆ ಕಟ್ಟಿಹಾಕಿದ್ದರು. ನಮ್ಮನ್ನು ನೋಡಿ ಮೊದಲು ನೀನು ಕೇಳಿದ್ದು, “ನಿಮ್ಗೆ ಯಾರ್ಗೂ ಏನೂ ಆಗಿಲ್ವಾ?” ಎಂದು. ಆಮೇಲೆ, “ತಿರುವ್ನಾಗೆ ಯಾರು ನಿಂತಿದ್ರಿ? ನಂಗ್ಯಾರೂ ಕಾಣ್ಲೇ ಇಲ್ಲ ಕಣ್ರಲಾ,” ಎಂದೆ.

ರಾಮಾಂಜಿ, ಖಾಜಾ ಇಬ್ಬರೂ ನನ್ನನ್ನು ನೋಡಿದರು. ಆ ಗಳಿಗೆಯಲ್ಲಿ ಹೇಳಿದ್ದರೆ ಎರಡು ಬೈದು ಮುಗಿಸುತ್ತಿದ್ದೆ ನೀನು. ಆಮೇಲೆ ಕುಟ್ಟುಂಡೆಯನ್ನೂ ಕೊಡುತ್ತಿದ್ದೆ, ನನಗೆ ಗೊತ್ತು. ನಾನು ಹೇಳಿದ್ದು ಬೇರೆ.

“ನಾನೇ ನಿಂತಿದ್ದೆ ಕಣಣ್ಣ. ನೀನು ಕೈ ಎತ್ತಿದ್ಯಲ್ಲ, ಅದ್ಕೇ ಹೊರಟ್ಬುಟ್ಟೆ.”

“ಕೈ ಎತ್ತಿದ್ನಾ ನಾನು?”

“ಎತ್ತಿದ್ದೆ ಕಣಣ್ಣ. ನಾನು ನೋಡ್ದೆ.”

ನೀನು ಎದೆಗೆ ಕಟ್ಟಿದ್ದ ನಿನ್ನ ಎಡಗೈಯನ್ನೇ ತುಂಬ ಹೊತ್ತು ನೋಡಿದೆ. ರಾಮಾಂಜಿ, “ಏಟು ಬಿದ್ದೈತೆ, ಮರ್ತಿರ್ತೀಯ, ಸುಮ್ಕೆ ಮಲಗಣ್ಣ,” ಎಂದ. ಅಲ್ಲಿಗೆ ನನ್ನ ಸುಳ್ಳು ಗಟ್ಟಿಯಾಯಿತು.

ಮೂಳೆ ಕೂಡಿತು, ಗಾಯ ಮಾಯಿತು. ಆದರೆ ನೀನು ನಿನ್ನನ್ನು ನಂಬುವುದು ಬಿಟ್ಟೆ. ಕೈ ಎತ್ತಿ, ನನ್ನನ್ನು ನೋಡಿ, ಆಮೇಲೂ ನೇರ ಹೋದೆ ಎಂದರೆ ತಲೆಯಲ್ಲಿ ಏನೋ ಕೆಟ್ಟಿದೆ ಎಂದು ಕೂತೆ. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಸ್ಕ್ಯಾನ್ ಮಾಡಿಸಿದೆವು, ಜೊತೆಗೆ ಬಂದವನು ನಾನೇ. ಏನೂ ಇಲ್ಲ, ಆರಾಮಾಗಿ ಗಾಡಿ ಓಡಿಸಿ ಎಂದರು ಡಾಕ್ಟರು. ಮನೆಗೆ ಬಂದು ಅದನ್ನು ಹೇಳಿದಾಗ ಅತ್ತಿಗೆಗೆ ಎಷ್ಟು ಸಂತೋಷವಾಯಿತು! ನೀನು ಮಾತ್ರ ತಲೆ ಅಲ್ಲಾಡಿಸಿ, “ಡಾಕ್ಟ್ರು ಮಿಷನ್ನಾಗೆ ನೋಡವ್ರೆ ಕಣಮ್ಮಿ. ನಾಗ ಕಣ್ಣಾರೆ ನೋಡವ್ನೆ. ನಾಗ ಸುಳ್ಳು ಹೇಳ್ತಾನಾ?” ಎಂದೆ. ನಾನು ಅಲ್ಲೇ, ನಿಮ್ಮ ಮನೆಯ ಮಂಚದ ಮೇಲೆ ಕೂತಿದ್ದೆ. ಕೂತೇ ಇದ್ದೆ.

ಹೇಳಲು ನಾಚಿಕೆಯಾಗುವುದು ಇನ್ನೊಂದಿದೆ. ಪ್ರತಿ ಸೋಮವಾರ ನೀನು ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ಲೇಪಾಕ್ಷಿಗೆ ಹೋಗುತ್ತಿದ್ದೆಯಲ್ಲ, ಅದು ನಿಂತು ಅವರು ಒಬ್ಬರೇ ಆಟೋದಲ್ಲಿ ಹೋಗತೊಡಗಿದರು. ಒಂದು ದಿನ ಅಂಗಡಿಗೆ ಬಂದು, “ನೀನಾದ್ರೂ ಹೇಳಪ್ಪ, ನಿನ್ ಮಾತು ಕೇಳ್ತಾರೆ. ಗಾಡಿ ಬಿಟ್ಮೇಲೆ ಅವ್ರ ಮಕದಾಗೆ ಕಳೆನೇ ಇಲ್ಲ,” ಎಂದರು. ನಾನು, “ಯಾಕತ್ತಿಗೆ ರಿಸ್ಕು, ವಯಸ್ಸಾಯ್ತು, ಬಿಟ್ಬುಡಿ,” ಎಂದೆ. ನೀನು ಮತ್ತೆ ಗಾಡಿ ಹತ್ತಿದರೆ ಎಂದಾದರೂ ಆ ಬೇವಿನ ಮರದ ಹತ್ತಿರ ಹೋಗುತ್ತೀಯ, ಅಲ್ಲಿ ನಿನಗೆ ನೆನಪು ಬಂದುಬಿಡುತ್ತದೆ ಎಂದು ನನಗೆ ದಿಗಿಲು. ಮೊದಲ ಸುಳ್ಳು ಹೆದರಿ ಹೇಳಿದ್ದು. ಇದನ್ನು ಯೋಚಿಸಿ ಹೇಳಿದೆ. ಅತ್ತಿಗೆ, ನಿಮ್ಮ ಕಾಲಿಗೆ ಬೀಳುವುದು ಇದಕ್ಕೆ.

ನಾವು ಮೂವರೂ ಮತ್ತೆ ದೂರ ಹೋಗಲಿಲ್ಲ. ‘ತೋಕ ಇಲ್ದೆ ಎಲ್ಲಿಗ್ಲಾ ಹೋಗೋದು’ ಎಂದು ರಾಮಾಂಜಿ. ಖಾಜಾ ಆಗಾಗ ಆ ಏರಿಯ ಮೇಲಿನ ವಿಡಿಯೋ ಹಾಕುತ್ತಾನೆ. ಅದರಲ್ಲಿ ನಾನು ಕೆಂಪು ಜಾಕೆಟ್ಟಿನಲ್ಲಿ ಹಲ್ಲು ಕಿರಿದುಕೊಂಡು ಬರುತ್ತೇನೆ. ನೀನು ಅದನ್ನು ನೋಡಿದಾಗಲೆಲ್ಲ, “ಏನ್ ಚೆಂದ ಕಾಣ್ತಾನೆ ನೋಡು ನಮ್ ನಾಗ,” ಎನ್ನುತ್ತೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಜಾಕೆಟ್ಟನ್ನು ಅದಾದ ಮೇಲೆ ಹಾಕಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ, ಅಷ್ಟು ನಂಬುತ್ತೀರಿ ನನ್ನನ್ನು.

ನಿನ್ನ ಗಾಡಿಗೆ ನಾವೇ ‘ನಂದಿ’ ಎಂದು ಹೆಸರಿಟ್ಟಿದ್ದೆವು. ಗೋದಾಮಿನ ಮೂಲೆಯಲ್ಲಿ ಗೋಣಿತಾಟು ಹೊದ್ದು, ಅದು ನಿಜವಾಗಿ ಲೇಪಾಕ್ಷಿಯ ನಂದಿಯ ಹಾಗೆ ಕದಲದೆ ಕೂತಿತ್ತು. ಹೋದ ವಾರ ನೀನು ಗೋಣಿ ಸರಿಸಿ, ಟ್ಯಾಂಕಿನ ಧೂಳನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಕೀ ಕೊಟ್ಟು, “ನಿಂತು ನಿಂತು ತುಕ್ಕು ಹಿಡ್ದು ಹೋಯ್ತದೆ, ತಗೊಂಡೋಗಿ ಓಡ್ಸ್ಕ. ನಿಂದು ಒಳ್ಳೆ ನಿಗಾ ಕಣ್ಲಾ. ನಾನೇ ಮರ್ತಿರೋದು ನಿಂಗೆ ಗ್ಯಾಪ್ಕ ಐತೆ,” ಎಂದೆ. ಕೀ ಕೊಟ್ಟ ಮೇಲೂ ನಿನ್ನ ಕೈ ಟ್ಯಾಂಕಿನ ಮೇಲೇ ಇತ್ತು. ನಾನು ಅದನ್ನು ಕಂಡೂ ಗಾಡಿ ತಳ್ಳಿಕೊಂಡು ಬಂದೆ.

ನಿನ್ನೆ ಖಾಜಾನನ್ನು ಜೊತೆಗೆ ಕರೆದು ಆಯಿಲು ಬದಲಿಸಿ, ಚೈನು ತೊಳೆದು, ಎರಡೂ ಟೈರು ಹೊಸದು ಹಾಕಿಸಿದ್ದೇನೆ. ನಂದಿ ಮೊದಲ ಕಿಕ್ಕಿಗೇ ಎದ್ದಿತು. ಭಾನುವಾರ ಬೆಳಗ್ಗೆ ಅದನ್ನು ನಿನ್ನ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ, ಇದನ್ನು ಓದುತ್ತೇನೆ, ಕೀಯನ್ನು ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಆ ಗುಣವನ್ನು ಮತ್ತೆ ನನ್ನ ಲಾಭಕ್ಕೆ ಬಳಸಿಕೊಂಡ ಹಾಗಾಗುತ್ತದೆ. ಇನ್ನು ಮೇಲೆ ನಾನು ನಿಮ್ಮ ಜೊತೆ ಬರಬೇಕೋ ಬೇಡವೋ, ಅದನ್ನು ನೀವು ಮೂವರು ತೀರ್ಮಾನಿಸಿ. ನೀನು ಮಾತ್ರ ಗಾಡಿ ಹತ್ತು. ಅತ್ತಿಗೆಯನ್ನು ಕೂರಿಸಿಕೊಂಡು ಲೇಪಾಕ್ಷಿಗೆ ಹೋಗು, ಕಂಬದೂರಿನ ಆಚೆಗೂ ಹೋಗು.

ನಿನ್ನ ತಲೆಗೆ ಏನೂ ಆಗಿಲ್ಲ, ಮಲ್ಲಣ್ಣಾ. ನೀನು ಏನನ್ನೂ ಮರೆತಿಲ್ಲ. ಅವತ್ತು ನೀನು ಕೈ ಎತ್ತಿರಲೇ ಇಲ್ಲ — ಎತ್ತಿದ್ದರೂ ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.