ಉತ್ತರ ಕೊಡದ ಕರಿ ಪರದೆ

ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಮತ್ತು ಹಣ್ಣಿನ ತೂಕ ಬರೆಯುವ ರೈಟರ್. ಅದು ಗಂಡ ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ಅದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಹಾಗಾಗಿ ಕ್ವಾರ್ಟರ್ಸ್ ಉಳಿಯಿತು. ಇದೆಲ್ಲ ನಡೆದ ವರ್ಷ ಮಗಳು ಹತ್ತನೇ ತರಗತಿಯಲ್ಲಿದ್ದಳು. ಅವಳ ಪರೀಕ್ಷೆ ಮುಗಿಯುವ ತನಕವಾದರೂ ಆ ಎರಡು ಕೋಣೆಯ ಮನೆ ಕೈತಪ್ಪಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಹೊಸದಾಗಿ ಬಂದ ಮ್ಯಾನೇಜರ್ ಆಫೀಸಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದ. ನನಗಿಂತ ಎಷ್ಟೋ ಚಿಕ್ಕವನು, ಅವನನ್ನು ಈಗಲೂ ಬಹುವಚನದಲ್ಲಿ ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿ ಹೇಳಿದ: "ಇನ್ಮೇಲೆ ಎಲ್ಲ ಕಮಾಂಡಲ್ಲೇ. ಹಣ್ಣು ಪಿಕಿಂಗ್ ಮುಗಿಯೋದ್ರೊಳಗೆ ಕಲೀರಿ. ಇಲ್ಲಾಂದ್ರೆ ಬೇರೆ ರೈಟರ್ ನೋಡ್ತೀನಿ. ಅವನಿಗೆ ಕ್ವಾರ್ಟರ್ಸ್ ಬೇಕಾಗುತ್ತೆ."

ಕಲಿತೆ. ಎಲ್ ಎಸ್ ಎಂದು ಒತ್ತಿದರೆ ಫೈಲುಗಳ ಹೆಸರು ಕಾಣುತ್ತದೆ, ಸಿ ಡಿ ಎಂದರೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗಬಹುದು. ಏನಾದರೂ ಕೇಳಿದರೆ "ಮ್ಯಾನ್ ಅಂತ ಟೈಪ್ ಮಾಡಿ, ಮುಂದೆ ಕಮಾಂಡಿನ ಹೆಸರು ಹಾಕಿ, ಮ್ಯಾನ್ಯುಯಲ್ ಬರುತ್ತೆ, ಎಲ್ಲ ಅದರಲ್ಲೇ ಇದೆ" ಎನ್ನುತ್ತಿದ್ದ. ಮಾಡಿದೆ. ಪರದೆ ತುಂಬ ಇಂಗ್ಲಿಷ್ ಬಂದು ನಿಂತಿತು, ಹೊರಗೆ ಬರುವುದು ಹೇಗೆಂದು ತಿಳಿಯಲಿಲ್ಲ. ಎಸ್ಕೇಪ್ ಒತ್ತಿದೆ, ಎಂಟರ್ ಒತ್ತಿದೆ, ಕೊನೆಗೆ ಪ್ಲಗ್ಗನ್ನೇ ಎಳೆದೆ. ಗಾಜಿನ ಆಚೆ ತನ್ನ ಕೋಣೆಯಲ್ಲಿ ಕೂತಿದ್ದ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಯೂ ಅಕ್ಷರವೊಂದನ್ನು ಒತ್ತಿದರೆ ಸಾಕಿತ್ತು ಎಂದು ಮಾರನೆಯ ದಿನ ಹೇಳಿದ.

ದಿನಾ ಸಂಜೆ ನಾನು ತಪ್ಪದೆ ಮಾಡಬೇಕಿದ್ದ ಕೆಲಸ ಒಂದಿತ್ತು. ಆವತ್ತು ಕೊಯ್ದ ಹಣ್ಣಿನ ತೂಕದ ಫೈಲನ್ನು ಇಡೀ ಸೀಸನ್ನಿನ ಫೈಲಿನ ಕೊನೆಗೆ ಅಂಟಿಸುವುದು. ಕಮಾಂಡ್ ಹೊಡೆದು ಎಂಟರ್ ಒತ್ತಿದರೆ ಪರದೆ ತುಟಿ ಬಿಚ್ಚುತ್ತಿರಲಿಲ್ಲ. ಆಯಿತು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ನಾನು ವರ್ಷಗಟ್ಟಲೆ ಬೆಳಗ್ಗೆ ಮಸ್ಟರ್ ಕರೆದವಳು. ಹೆಸರು ಕೂಗುತ್ತೇನೆ, ಇದ್ದವರು "ಉಂಟು" ಎನ್ನುತ್ತಾರೆ. ಸದ್ದಿಲ್ಲದಿದ್ದರೆ ಇನ್ನೊಂದು ಸಲ ಕೂಗುತ್ತೇನೆ, ಆಗಲೂ ಸದ್ದಿಲ್ಲದಿದ್ದರೆ ಗೈರುಹಾಜರಿ. ಕಂಪ್ಯೂಟರನ್ನೂ ಹಾಗೆಯೇ ಕೂಗಿದೆ. ಉತ್ತರ ಬಾರದಿದ್ದಾಗ ಮತ್ತೆ ಒತ್ತಿದೆ, ಮನಸ್ಸು ಸಮಾಧಾನವಾಗದ ದಿನ ಮೂರನೇ ಸಲವೂ ಒತ್ತಿದೆ.

ನಮ್ಮ ಹಣ್ಣೆಲ್ಲ ಲಾರಿಯಲ್ಲಿ ಸಿಪ್ಪೆ ಬಿಡಿಸಲು ಹುದಿಕೇರಿ ಕಡೆ ಯಜಮಾನರ ಇನ್ನೊಂದು ತೋಟಕ್ಕೆ ಹೋಗುತ್ತಿತ್ತು. ಅಲ್ಲಿ ಇಳಿದ ತೂಕಕ್ಕೂ ನನ್ನ ಫೈಲಿನ ತೂಕಕ್ಕೂ ಅಜಗಜಾಂತರ ಎಂದು ಒಂದು ದಿನ ಫೋನ್ ಬಂತು. ಹಣ್ಣು ದಾರಿಯಲ್ಲಿ ಮಾಯವಾಗುತ್ತಿದೆ ಎಂದಾದರೆ ಕದ್ದವನು ಲಾರಿ ಡ್ರೈವರ್ ಅಲ್ಲದೆ ಇನ್ಯಾರು? ಮ್ಯಾನೇಜರ್ ಅವನ ಕೈಯಿಂದ ಕೀ ಕಿತ್ತುಕೊಂಡ. ಪೊಲೀಸರು ಕರೆದೊಯ್ದು ಎರಡು ದಿನ ಇಟ್ಟುಕೊಂಡು, ಕುಂಟುವಂತೆ ಹೊಡೆದು ಕಳಿಸಿದರು. ಕೇಸು ಮಾತ್ರ ಹಾಗೇ ಇತ್ತು.

ನನ್ನ ಫೈಲಿನ ಲೆಕ್ಕದ ಮೇಲೆಯೇ ನನಗೆ ಅನುಮಾನ ಬಂತು. ಲಿನಕ್ಸ್ ಕಲಿಯುವವರ ಗುಂಪೊಂದು ನನ್ನ ಮೊಬೈಲಿನಲ್ಲಿತ್ತು. "ಕಮಾಂಡ್ ಒತ್ತಿದರೆ ಉತ್ತರವೇ ಬರುವುದಿಲ್ಲ, ಏನು ಮಾಡಲಿ?" ಎಂದು ಕನ್ನಡದಲ್ಲೇ ಕೇಳಿದೆ. ಒಬ್ಬ ನಗುವ ಮುಖಗಳ ಸಾಲು ಹಾಕಿದ. ಇನ್ನೊಬ್ಬ, "ಆಂಟಿ, ಸಾಂಬಾರ್ ಸೀದೀತು, ಹೋಗಿ ನೋಡಿ" ಎಂದ. ಎಲ್ಲರಿಗಿಂತ ಒರಟಾಗಿ ಬರೆದವನೇ ಕೊನೆಗೆ ಉಪಕಾರ ಮಾಡಿದ್ದು: "ಅದು ಸುಮ್ಮನಿದ್ದರೆ ಕೆಲಸ ಆಗಿದೆ ಅಂತ. ತಪ್ಪಾದರೆ ಮಾತ್ರ ಬಾಯಿ ಬಿಡುತ್ತೆ. ಇಷ್ಟೂ ಗೊತ್ತಿಲ್ಲದವರು ಕೀಬೋರ್ಡ್ ಮುಟ್ಟಬಾರದು."

ಓದಿದ ಮೇಲೆ ಅರ್ಥವಾಯಿತು. ಒತ್ತಿದಷ್ಟು ಸಲವೂ ಅದೇ ತೂಕ ಮತ್ತೆ ಮತ್ತೆ ಸೇರಿದೆ. ಇಲ್ಲದ ಹಣ್ಣನ್ನು ಡ್ರೈವರ್ ಕದಿಯುವುದೆಲ್ಲಿಂದ! ಬಾಯಿ ಮುಚ್ಚಿಕೊಂಡಿದ್ದರೆ ಮಗಳ ಪರೀಕ್ಷೆ ನಿಶ್ಚಿಂತೆಯಿಂದ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಕುಂಟುತ್ತಾ ನಮ್ಮ ಬಾಗಿಲ ಮುಂದಿನಿಂದಲೇ ನಲ್ಲಿಗೆ ಹೋಗುತ್ತಿದ್ದ. ನೋಡಿಕೊಂಡು ಇರಲಾಗಲಿಲ್ಲ. ಮಾರನೆಯ ಬೆಳಗ್ಗೆ ಮ್ಯಾನೇಜರನನ್ನು ಕರೆದು, ಅವನ ಎದುರೇ ಎರಡು ಸಲ ಎಂಟರ್ ಒತ್ತಿ, ಫೈಲು ಎರಡು ಸಲ ಬೆಳೆದದ್ದನ್ನು ತೋರಿಸಿದೆ.

ಅವನಿಗೆ ಸಿಟ್ಟೂ ಬರಲಿಲ್ಲ. "ನೀವು ಸುಮ್ ಸುಮ್ನೆ ಎಂಟರ್ ಕುಟ್ಟೋದನ್ನ ಗಾಜಿಂದ ನೋಡಿ ನಗ್ತಿದ್ದೆ. ಇದನ್ನೇ ಕುಟ್ತಿದ್ದೀರಿ ಅಂತ ಗೊತ್ತಿರ್ಲಿಲ್ಲ," ಎಂದ. ಡ್ರೈವರನ ಮೇಲಿನ ಕೇಸು ವಾಪಸ್ ತೆಗೆದುಕೊಳ್ಳುತ್ತೇನೆಂದು ನನ್ನ ಮುಂದೆಯೇ ಫೋನ್ ಮಾಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಕಳ್ಳರನ್ನಾದ್ರೆ ಕಾದು ಹಿಡೀಬಹುದು. ಕೆಲಸ ಬರದವರನ್ನ ಏನ್ ಮಾಡೋದು? ಭಾನುವಾರದೊಳಗೆ ಮನೆ ಖಾಲಿ ಮಾಡಿ."

"ಸರ್, ಮಗಳ ಪರೀಕ್ಷೆ."

"ಪರೀಕ್ಷೆ ನಿಮ್ಗೂ ಇತ್ತಲ್ಲ."

ಸಾಮಾನು ಸಾಗಿಸಲು ತೋಟದ ಲಾರಿಯನ್ನೇ ಕೊಟ್ಟರು. ಓಡಿಸಿದ್ದು ಅದೇ ಡ್ರೈವರ್, ನನ್ನನ್ನು ಅಕ್ಕ ಎನ್ನಲು ಮಲಯಾಳದಲ್ಲಿ ಚೇಚಿ ಎನ್ನುತ್ತಿದ್ದವನು. ಅವನು ಒಂದು ಒಳ್ಳೆಯ ಮಾತಾಡಿಯಾನು ಎಂದು ನಾನು ಕಾದದ್ದು ಸುಳ್ಳಲ್ಲ. ಗೋಣಿಕೊಪ್ಪ ದಾಟಿದ ಮೇಲೆ ಶುರು ಮಾಡಿದ: "ಎಂತಕ್ಕೆ ಬೇಕಿತ್ತು ಚೇಚಿ ನಿಮಗೆ, ಗೊತ್ತಿಲ್ಲದ ಕೆಲಸ? ನನ್ನ ಹೆಂಡ್ತೀನ ಆಳುಗಳ ಲೈನ್ ಮನೆಗಳಲ್ಲಿ ಎಲ್ಲ ಕಳ್ಳನ ಹೆಂಡ್ತಿ ಅಂತಾರೆ. ಕೇಸ್ ಹೋಯ್ತು, ಸರಿ. ಆ ಹೆಸರು ಹೋಗ್ತದಾ?" ಬಾಳೆಲೆಯಲ್ಲಿ ನನ್ನ ಅಣ್ಣನ ಮನೆಯ ಗೇಟಿನ ಹೊರಗೇ ಮಂಚ, ಪಾತ್ರೆ, ಮಗಳ ಪುಸ್ತಕ ಎಲ್ಲ ದಡಬಡ ಇಳಿಸಿ, ಹಿಂದೆ ತಿರುಗಿ ನೋಡದೆ ಹೋದ. ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತು, ಎಷ್ಟು ದಿನಕ್ಕೆ ಬಂದಿದ್ದೀರಿ ಎಂದು ಕೇಳಿದಳು.

ನಾವಿಬ್ಬರೂ ಮಂಚದ ಒಂದೊಂದು ತುದಿ ಹಿಡಿದು ಎತ್ತುತ್ತಿದ್ದಾಗ ಮಗಳು ತಗ್ಗಿದ ದನಿಯಲ್ಲಿ, "ಪರೀಕ್ಷೆ ಮುಗಿದ್ಮೇಲೆ ಹೇಳ್ಬಹುದಿತ್ತಲ್ಲಮ್ಮ, ಅವ್ನೇನು ಸಾಯ್ತಿದ್ನಾ?" ಎಂದಳು. ಹೊಡೆಯಲು ಕೈ ಎತ್ತಿದೆ, ಹೊಡೆಯಲಾಗಲಿಲ್ಲ. ಗೋಣಿಕೊಪ್ಪದಿಂದ ಇಲ್ಲಿಯವರೆಗೆ ಆ ಲಾರಿಯಲ್ಲಿ ಕೂತು ನಾನೂ ಅದನ್ನೇ ಯೋಚಿಸುತ್ತಾ ಬಂದಿದ್ದೆ.