ಟಾಕಿಗೆ ಮರಳಿದ ಉಪ್ಪು

ಚಿಂಚವಾಡದ ನಮ್ಮ ಮನೆಯ ಟಾಕಿಗೆ ಬರುವುದು ಬೋರ್‌ವೆಲ್ಲಿನ ಉಪ್ಪುನೀರು. ಅದನ್ನು ಸಿಹಿ ಮಾಡಲು ಕಾರ್ಬನ್ ಹಾಳೆಗಳ ಯಂತ್ರ ಕಟ್ಟಿದ್ದೆ. ಕರೆಂಟ್ ಕೊಟ್ಟಾಗ ಹಾಳೆಗಳು ಉಪ್ಪನ್ನು ಹಿಡಿದುಕೊಳ್ಳುತ್ತವೆ. ಕರೆಂಟಿನ ದಿಕ್ಕು ಬದಲಿಸಿದರೆ ಅದನ್ನು ಬೇರೆ ಪೈಪಿನಿಂದ ಬಕೆಟ್ಟಿಗೆ ಬಿಡುತ್ತವೆ. ಸೋಮವಾರದಿಂದ ಶನಿವಾರದವರೆಗೆ ನನ್ನ ಡೈರಿಯಲ್ಲಿ, ಯಂತ್ರ ಸಿಹಿ ಮಾಡಿ ಕೊಟ್ಟ ನೀರಿನ ಉಪ್ಪಿನ ಅಂಕಿ ಏರುತ್ತಲೇ ಹೋಯಿತು. ಕಾರ್ಬನ್ ಕೆಟ್ಟಿತು, ಎರಡು ತಿಂಗಳ ಕೆಲಸ ಹಾಳಾಯಿತು ಎಂದುಕೊಂಡೆ.

ರವಿವಾರ ನೋಡಿದರೆ, ಅವ್ವ ಆ ಬಕೆಟ್ ನೀರನ್ನು ಮತ್ತೆ ಟಾಕಿಗೆ ಸುರಿಯುತ್ತಿದ್ದಳು.

"ಅದರಾಗ ತಗದ ಉಪ್ಪೆಲ್ಲಾ ಅದ. ದಿನಾ ಹಿಂಗ ಹಾಕತೀಯೇನು?"

"ಇಷ್ಟು ತಿಳಿ ನೀರು ಗಟಾರಕ್ಕ ಚೆಲ್ಲಲೇನು? ಒಂದು ಕೊಡಕ್ಕ ಎಷ್ಟು ನಡದೇನಿ, ನಿನಗೇನು ಗೊತ್ತು."

ಕಾರ್ಬನ್ ಕೆಟ್ಟಿರಲಿಲ್ಲ. ಟಾಕಿ ತೊಳೆದು ಹೊಸ ನೀರು ತುಂಬಿಸಿದೆವು. ಸಂಜೆಗೆ ಅಂಕಿ ಸೋಮವಾರದಷ್ಟಕ್ಕೇ ಇಳಿಯಿತು. ಬಕೆಟ್ಟಿನ ನೀರಿನಿಂದ ಅವ್ವ ಮೆಟ್ಟಿಲು ತೊಳೆದಳು.