ಮಡಿಲು ತುಂಬುವ ಕೈ

ನನ್ನ ಮೊದಲ ಮಗುವನ್ನು ಹೊಟ್ಟೆ ಕೊಯ್ದು ತೆಗೆದರು. ಯಾಕೆಂದು ಯಾರೂ ಹೇಳಲಿಲ್ಲ. ಕೇಳಿದ್ದಕ್ಕೆ ಡಾಕ್ಟರಮ್ಮ "ಮಗು ಚೆನ್ನಾಗಿದೆಯಲ್ಲಮ್ಮ, ಇನ್ನೇನು?" ಎಂದು ಹೊರಟುಹೋದರು. ಎರಡನೆಯದನ್ನು ಹಟ ಹಿಡಿದು ಸಹಜವಾಗಿ ಹೆತ್ತೆ. ಅಲ್ಲಿಂದ ನನ್ನ ಬಾಯಿಗೆ ತಡೆಯೇ ಇಲ್ಲದಂತಾಯಿತು. ಗೋವಿಂದರಾಜನಗರದ ನಮ್ಮ ಮನೆಯ ಹಾಲಿನಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಬಸುರಿಯರನ್ನು ಸೇರಿಸಿ, ಕುಕ್ಕರಗಾಲಲ್ಲಿ ಕೂರುವುದು, ಉಸಿರು ಹಿಡಿದು ಬಿಡುವುದು, ಡಾಕ್ಟರನ್ನು ಏನೇನು ಕೇಳಬೇಕು ಎಂಬುದನ್ನೆಲ್ಲ ಕಲಿಸತೊಡಗಿದೆ. ಪ್ರತಿ ಆಸ್ಪತ್ರೆಯೂ ತಾನು ಎಷ್ಟು ಸಿಸೇರಿಯನ್ ಮಾಡಿದೆ ಎಂದು ಬಾಗಿಲಲ್ಲೇ ಬರೆದು ಹಾಕಬೇಕೆಂದು ಆರೋಗ್ಯ ಇಲಾಖೆಗೆ ಮನವಿ ಕೊಟ್ಟೆವು. ಆ ಬೇಡಿಕೆಗಾಗಿ ಇವತ್ತೂ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ.

ನಾನು ಕೆಟ್ಟದ್ದು ಮಡಿಲು ತುಂಬುವ ಶಾಸ್ತ್ರದಲ್ಲಿ. ಎಂಟು ತಿಂಗಳಾದವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬುತ್ತಿದ್ದೆವು. ಅದಕ್ಕೆ ನಾನೊಂದು ನಿಯಮ ಸೇರಿಸಿದೆ. ಸಹಜವಾಗಿ ಹೆತ್ತವರೇ ತುಂಬಬೇಕು, ಅವರ ಧೈರ್ಯ ಇವಳಿಗೂ ಬರಲಿ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ಹುಡುಗಿ ಹಾವೇರಿ ಕಡೆಯವಳು. ನಾಗರಬಾವಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಚೊಚ್ಚಲ ಬಸುರಿ. ಒಂದು ಶನಿವಾರವೂ ತಪ್ಪಿಸದೆ ಬಂದು, ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬಾಣಂತನಕ್ಕೆಂದು ಬಂದ ಅವಳ ತಾಯಿ ಗಂಡನನ್ನು ಕಳೆದುಕೊಂಡವರು. ಮಗಳ ಮಡಿಲು ತುಂಬುವ ದಿನ ನಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತುಬಿಟ್ಟಿದ್ದರು. ನಾನು ಕೈ ಹಿಡಿದು ಎಳೆದೆ.

"ಬ್ಯಾಡ್ರೀ ಅಕ್ಕಾರ, ನಾ ತುಂಬಬಾರದ್ರಿ."

"ಯಾರ್ರೀ ಹೇಳಿದ್ದು? ನಾಲ್ಕು ಹೆತ್ತಿದ್ದೀರ, ನಾಲ್ಕೂ ಮನೇಲೇ. ನೀವೇ ಮೊದಲು ತುಂಬ್ಬೇಕು!"

ಅವರು ಬೊಗಸೆ ತುಂಬ ಅಕ್ಕಿ ತೆಗೆದು ಮಗಳ ಮಡಿಲಿಗೆ ಹಾಕಿದರು. ತಾಯಿ ಮಗಳು ಇಬ್ಬರೂ ಅತ್ತರು. ನಾನಂತೂ ವಾರವಿಡೀ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳಿಕೊಂಡು ತಿರುಗಿದೆ.

ಹೆರಿಗೆಯ ದಿನ ಮಧ್ಯಾಹ್ನ ಹುಡುಗಿಯೇ ಆಸ್ಪತ್ರೆಯಿಂದ ಫೋನ್ ಮಾಡಿದಳು. ನೋವಿಗೆ ಮಾತು ತುಂಡಾಗುತ್ತಿತ್ತು.

"ಆಂಟಿ, ಮಗು ಹಾರ್ಟ್‌ಬೀಟ್ ಇಳೀತಿದೆಯಂತೆ. ಆಪರೇಷನ್ ಮಾಡ್ಬೇಕಂತೆ. ಏನ್ ಮಾಡ್ಲಿ?"

ನಾನು ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಆ ಡಾಕ್ಟರನ್ನು ಕಂಡವಳಲ್ಲ, ಆ ಮೆಷಿನ್ ನೋಡಿದವಳಲ್ಲ. ಆದರೂ ಹೇಳಿದೆ: "ಎಲ್ರನ್ನೂ ಹಿಂಗೇ ಹೆದರಿಸ್ತಾರೆ ಕಣೇ. ಒಂದು ಗಂಟೆ ತಡಿ, ಸೈನ್ ಹಾಕ್ಬೇಡ."

ಅವಳು ನನ್ನ ಮಾತು ಕೇಳಲಿಲ್ಲ, ಫೋನಿಟ್ಟು ಸೈನ್ ಹಾಕಿದಳು. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತಂತೆ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಇನ್ನಷ್ಟು ತಡಮಾಡಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರೆಂದು ತಾಯಿ ಬಂದು ತಿಳಿಸಿದರು. ಅಷ್ಟಾದ ಮೇಲೂ ಗುಂಪಿನವರು ಕೇಳಿದರೆ ಏನು ಹೇಳುತ್ತಿದ್ದೆ ಗೊತ್ತೆ? "ಪಾಪ, ಕೊನೇ ಗಳಿಗೇಲಿ ಹೆದರಿಬಿಟ್ಲು." ಥೂ, ನನ್ನ ಬಾಯಿಗೆ ಬೆಂಕಿ ಬೀಳ!

ಮೂರು ತಿಂಗಳ ನಂತರ ಇನ್ನೊಬ್ಬಳ ಮಡಿಲು ತುಂಬುವ ದಿನ ಬಂತು. ಹುಡುಗಿ ರೇಷ್ಮೆ ಸೀರೆಯುಟ್ಟು, ಮಗುವನ್ನೆತ್ತಿಕೊಂಡು, ತಾನೇ ಕೊಂಡ ಹಸಿರು ಕಣವೊಂದನ್ನು ಹಿಡಿದು ಇಳಿದು ಬಂದಳು. ತಾಯಿ ಹಿಂದೆ ಕೂತರು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ಒಬ್ಬೊಬ್ಬರಿಗೇ ಕೊಡುತ್ತಾ ಬಂದೆ. ಅವಳು ಮಗುವನ್ನು ಎಡಗೈಗೆ ಸರಿಸಿಕೊಂಡು ಬಲಗೈ ಚಾಚಿದಳು. ನಾನು ತಟ್ಟೆಯನ್ನು ಅವಳ ಪಕ್ಕದವಳಿಗೆ ದಾಟಿಸಿದೆ.

"ನೀನು ಕೂತಿರಮ್ಮ, ಮಗು ಎದ್ದುಬಿಡುತ್ತೆ" ಎಂದೆ. ಮಗು ಎದ್ದೇ ಇತ್ತು.

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಹಿಂದಿನಿಂದ ತಾಯಿ ಅವಳ ಸೆರಗು ಜಗ್ಗಿದರು. "ಹಿಂದಕ್ಕ ಬಾರವ್ವಾ. ಇದು ನಮಗಲ್ಲ." ಹೇಳಿ, ತಮ್ಮ ಪಕ್ಕದಲ್ಲಿ ಮಗಳಿಗೆ ಜಾಗ ಬಿಟ್ಟು ಸರಿದು ಕೂತರು. ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆ ತಾಯಿಯನ್ನು ಬಾಗಿಲ ಹಿಂದಿನಿಂದ ಎಳೆದು ತಂದವಳೂ ನಾನೇ, ಈಗ ಮಗಳನ್ನು ಅಲ್ಲಿಗೆ ಅಟ್ಟಿದವಳೂ ನಾನೇ. ಆದರೂ ಅಷ್ಟು ಜನರ ಮುಂದೆ ತಟ್ಟೆ ವಾಪಸು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆ ಅಕ್ಕಿ, ಕೊಬ್ಬರಿಯ ತಟ್ಟೆ ಹಿಡಿದು ಮಹಡಿ ಹತ್ತಿದೆ. ಹುಡುಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ತಪ್ಪಾಯ್ತು ಕಣಮ್ಮ. ಆ ಬಸುರಿ ಇನ್ನೂ ಕೆಳಗೇ ಇದ್ದಾಳೆ, ಬಾ, ತುಂಬು" ಎಂದೆ. ಅಳು ಬಂದುಬಿಟ್ಟಿತು.

"ಬಿಡ್ರೀ ಅಕ್ಕಾರ, ಯಾಕ ಅಳ್ತೀರಿ?" ಎಂದರು ತಾಯಿ. "ನಮಗ ರೂಢಿ ಐತ್ರಿ."

"ನಿನಗ ಐತವ್ವಾ, ನನಗಿಲ್ಲ" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ಆಂಟಿ, ಅವತ್ತು ನಿಮ್ಮ ಮಾತು ಕೇಳಿದ್ದಿದ್ರೆ ಇವನು ಇರ್ತಿರ್ಲಿಲ್ಲ. ಕೇಳ್ಲಿಲ್ಲ ಅಂತ ತಾನೇ ಇವತ್ತು ತಟ್ಟೆ ಕೊಡ್ಲಿಲ್ಲ?"

ಇಲ್ಲ ಎನ್ನಲು ಬಾಯಿ ತೆರೆದೆ. ಮಗು ಅವಳ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು.

"ಹೌದಮ್ಮ" ಎಂದೆ.